ತುಲೂಸ್‌ನಿಂದ ದುಬೈಗೆ ವರ್ಗ: ಮಗನನ್ನು ಫ್ರೆಂಚ್ ಲಿಸೆಗೆ ಸೇರಿಸುವುದೇ, ಸಿಬಿಎಸ್‌ಇಗೆ ಹಾಕುವುದೇ?

ತುಲೂಸಿನ ತಾಯಿ

ಎಲ್ಲರಿಗೂ ನಮಸ್ಕಾರ. ನಮ್ಮ ಯಜಮಾನರು ವಿಮಾನದ ಬಿಡಿಭಾಗಗಳ ವಿನ್ಯಾಸದ ಕೆಲಸದಲ್ಲಿದ್ದಾರೆ. ಬೆಂಗಳೂರಿನಿಂದ ಫ್ರಾನ್ಸಿನ ತುಲೂಸ್‌ಗೆ ಬಂದ ಮೇಲೆ ಮಗ ಹುಟ್ಟಿದ್ದು. ಈಗ ಕಂಪನಿಯವರು ದುಬೈಗೆ ವರ್ಗ ಮಾಡಿದ್ದಾರೆ, ಆಗಸ್ಟ್‌ನಲ್ಲಿ ಹೊರಡಬೇಕು. ಮಗ ಇಲ್ಲಿನ ಸರ್ಕಾರಿ ಶಾಲೆಯಲ್ಲಿ ಸಿಇ1, ಅಂದರೆ ನಮ್ಮ ಲೆಕ್ಕದ ಎರಡನೇ ತರಗತಿ, ಜುಲೈ ಮೊದಲ ವಾರಕ್ಕೆ ಮುಗಿಸುತ್ತಾನೆ.

ತೊಂದರೆ ಏನೆಂದರೆ, ಅವನಿಗೆ ಮನೆಯಲ್ಲಿ ಕನ್ನಡ, ಹೊರಗೆಲ್ಲ ಫ್ರೆಂಚ್. ಇಂಗ್ಲಿಷ್ ಕಾರ್ಟೂನ್ ನೋಡಿ ಕಲಿತಷ್ಟೇ, ಓದಲು ಬರುವುದಿಲ್ಲ. ದುಬೈನಲ್ಲಿ ಪರಿಚಯದವರೆಲ್ಲ ಸಿಬಿಎಸ್‌ಇಗೆ ಹಾಕಿ ಎನ್ನುತ್ತಾರೆ. ಯಜಮಾನರಿಗೆ ಅಲ್ಲಿನ ಫ್ರೆಂಚ್ ಶಾಲೆಯಲ್ಲೇ, ಅಂದರೆ ಲಿಸೆಯಲ್ಲೇ, ಮುಂದುವರಿಸುವ ಮನಸ್ಸು. ಇಲ್ಲಿ ಕ್ಯಾಂಟೀನ್ ಊಟದ ದುಡ್ಡು ಬಿಟ್ಟರೆ ಶಾಲೆಗೆ ಒಂದು ಯೂರೋ ಕೊಟ್ಟವರಲ್ಲ ನಾವು. ಅಲ್ಲಿನ ಶುಲ್ಕದ ಪಟ್ಟಿ ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಪ್ರವೇಶ ಪರೀಕ್ಷೆ ಇರುತ್ತದೆಯೇ? ಇಲ್ಲೇ ಹುಟ್ಟಿದವನಾದ್ದರಿಂದ ಫ್ರೆಂಚ್ ಸರ್ಕಾರದ ವಿದ್ಯಾರ್ಥಿವೇತನ ಸಿಗಬಹುದೇ? ಮುಂದೆ ಬೆಂಗಳೂರಿಗೆ ಮರಳಿದರೆ ಇವನ ಗತಿ ಏನು? ಬಲ್ಲವರು ದಯವಿಟ್ಟು ಹೇಳಿ.

ಔದ್ ಮೇಥಾ ಅಕ್ಕ

ತಂಗಿ, ನನ್ನ ಇಬ್ಬರು ಮಕ್ಕಳೂ ದುಬೈನ ಫ್ರೆಂಚ್ ಶಾಲೆಯಲ್ಲೇ ಓದುತ್ತಿದ್ದಾರೆ, ಹಾಗಾಗಿ ಕೊಂಚ ಉದ್ದಕ್ಕೆ ಬರೆಯುತ್ತೇನೆ.

ಮೊದಲು ಪರೀಕ್ಷೆಯ ಭಯ ಬಿಡಿ. ವಿದೇಶದಲ್ಲಿರುವ ಫ್ರೆಂಚ್ ಶಾಲೆಗಳಿಗೆ ಪ್ಯಾರಿಸ್‌ನ ಶಿಕ್ಷಣ ಸಚಿವಾಲಯದ ಮಾನ್ಯತೆ ಇರುತ್ತದೆ. ಇವನ್ನು ನೋಡಿಕೊಳ್ಳುವ ಎಇಎಫ್‌ಇ ಎಂಬ ಸಂಸ್ಥೆ 1990ರಲ್ಲಿ ಹುಟ್ಟಿದ್ದು, ಅದರ ಜಾಲದಲ್ಲಿ ಸುಮಾರು 600 ಶಾಲೆಗಳಿವೆ, 130ಕ್ಕೂ ಹೆಚ್ಚು ದೇಶಗಳಲ್ಲಿ. ಫ್ರಾನ್ಸಿನ ಸರ್ಕಾರಿ ಶಾಲೆಯಿಂದಲೋ ಮಾನ್ಯತೆ ಪಡೆದ ಇನ್ನೊಂದು ಶಾಲೆಯಿಂದಲೋ ಬರುವ ಮಗು ಪರೀಕ್ಷೆ ಇಲ್ಲದೆ ಮುಂದಿನ ತರಗತಿಗೆ ಹೋಗುತ್ತದೆ. ಪರೀಕ್ಷೆ ಇರುವುದು ಬೇರೆ ಪಠ್ಯಕ್ರಮದಿಂದ ಬರುವವರಿಗೆ, ಅದೂ ಫ್ರೆಂಚ್ ಮತ್ತು ಗಣಿತಕ್ಕೆ. ನಿಮ್ಮ ಮಗ ನೇರವಾಗಿ ಸಿಇ2, ಅಂದರೆ ಮೂರನೇ ತರಗತಿ. ಆದರೆ ಪರೀಕ್ಷೆ ಇಲ್ಲ ಎಂದ ಮಾತ್ರಕ್ಕೆ ಸೀಟು ಕಾದಿರುತ್ತದೆ ಎಂದುಕೊಳ್ಳಬೇಡಿ. ಒಳಗಿರುವ ಮಕ್ಕಳ ಒಡಹುಟ್ಟಿದವರು, ಫ್ರೆಂಚ್ ಪೌರರು, ಫ್ರೆಂಚ್ ಶಾಲೆಯಿಂದ ಬಂದವರು, ಇವರಿಗೆಲ್ಲ ಸಾಮಾನ್ಯವಾಗಿ ಮೊದಲ ಮಣೆ. ನಿಮ್ಮವನು ಮೂರನೇ ಗುಂಪಿಗೆ ಸೇರುತ್ತಾನೆ. ಈಗಲೇ ಅರ್ಜಿ ಹಾಕಿ, ಆಗಸ್ಟ್‌ವರೆಗೆ ಕಾಯಬೇಡಿ.

ಅಲ್ಲಿಂದ ಹೊರಡುವ ಮುನ್ನ ಶಾಲೆಯಿಂದ ರಾದಿಯಾಸಿಯಾನ್ ಪತ್ರ ಪಡೆಯಲು ಮರೆಯಬೇಡಿ. ಮಗುವಿನ ಹೆಸರನ್ನು ಹಾಜರಿ ಪಟ್ಟಿಯಿಂದ ತೆಗೆದಿದ್ದೇವೆ ಎಂಬುದಕ್ಕೆ ಅದು ದಾಖಲೆ, ನಮ್ಮ ಟಿಸಿ ಇದ್ದ ಹಾಗೆ. ಜೊತೆಗೆ ಅಂಕಪಟ್ಟಿಯ ಬದಲು ಬರುವ ಲಿವ್ರೆ ಸ್ಕೊಲೇರ್‌ನ ಪ್ರತಿ, ಲಸಿಕೆಯ ಪುಸ್ತಕ, ಪಾಸ್‌ಪೋರ್ಟ್, ವೀಸಾ. ಎಮಿರೇಟ್ಸ್ ಐಡಿ ಇಲ್ಲಿಗೆ ಬಂದ ಮೇಲೆ ಆಗುತ್ತದೆ.

ಇನ್ನೊಂದು ವಿಷಯ. ಮಾನ್ಯತೆ ಇಡೀ ಶಾಲೆಗೆ ಒಟ್ಟಾಗಿ ಸಿಗುವುದಿಲ್ಲ, ತರಗತಿಗಳ ಹಂತಹಂತಕ್ಕೆ ಸಿಗುತ್ತದೆ. ಹೊಸ ಶಾಲೆಯಾದರೆ ಎಲ್ಲಿಯವರೆಗೆ ಮಾನ್ಯತೆ ಇದೆ ಎಂದು ಬಾಯಿ ಬಿಟ್ಟು ಕೇಳಿ. ಕೆಲವರು ಬೋರ್ಡಿನ ಮೇಲೆ ಲಿಸೆ ಎಂದಿರುವುದನ್ನು ನೋಡಿಯೇ ತೃಪ್ತರಾಗುತ್ತಾರೆ.

ಶುಲ್ಕದ ವಿಷಯಕ್ಕೆ ಬಂದರೆ, ದುಬೈನಲ್ಲಿ ಖಾಸಗಿ ಶಾಲೆಗಳೆಲ್ಲ ಕೆಎಚ್‌ಡಿಎ ಎಂಬ ಪ್ರಾಧಿಕಾರದ ಹಿಡಿತದಲ್ಲಿವೆ. ಪ್ರತಿ ಶಾಲೆಯ ತರಗತಿವಾರು ಶುಲ್ಕವನ್ನು ಅವರ ಜಾಲತಾಣದಲ್ಲೇ ನೋಡಬಹುದು, ಶಾಲೆ ಅದನ್ನು ಮೀರಿ ಬೋಧನಾ ಶುಲ್ಕ ಕೇಳುವಂತಿಲ್ಲ. ಅರ್ಜಿ ಶುಲ್ಕ ಹೆಚ್ಚೆಂದರೆ 500 ದಿರ್ಹಮ್. ಸೀಟು ಹಿಡಿಯಲು ಕಟ್ಟುವ ಠೇವಣಿ ವಾರ್ಷಿಕ ಶುಲ್ಕದ ಶೇ. 10ನ್ನು ದಾಟಬಾರದು, ಅದನ್ನು ಮುಂದೆ ಶುಲ್ಕದಲ್ಲೇ ಕಳೆಯುತ್ತಾರೆ. ಉಳಿದದ್ದನ್ನು ವರ್ಷಕ್ಕೆ ಮೂರು ಕಂತಿನಲ್ಲಿ ಕಟ್ಟುತ್ತೇವೆ. ಶಾಲಾ ಬಸ್ಸು, ಊಟ, ಸಮವಸ್ತ್ರ, ಸಂಜೆಯ ಚಟುವಟಿಕೆ ಎಲ್ಲ ಬೇರೆ. ಬಸ್ಸಿನ ದುಡ್ಡನ್ನು ಲೆಕ್ಕಕ್ಕೆ ಹಿಡಿಯದೆ ಮನೆ ಬಾಡಿಗೆಗೆ ಪಡೆದರೆ ಆಮೇಲೆ ಕೈ ಕಚ್ಚುತ್ತದೆ.

ಕರಾಮದ ಗೌಡರು

ಎಲ್ಲ ಸರಿ ಅಕ್ಕಾವ್ರೇ, ಆದರೆ ಒಂದು ಮಾತು ಹೇಳಿಬಿಡುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಔದ್ ಮೇಥಾದಲ್ಲೇ ಫ್ರೆಂಚ್ ಶಾಲೆ ಇದೆ, ಅದೇ ಔದ್ ಮೇಥಾದಲ್ಲೇ 1961ರಲ್ಲಿ ಹುಟ್ಟಿದ ಇಂಡಿಯನ್ ಹೈಸ್ಕೂಲ್ ಇದೆ. ಒಂದೇ ಬಡಾವಣೆ, ಶುಲ್ಕದಲ್ಲಿ ಮಾತ್ರ ಅಜಗಜಾಂತರ. ನಮ್ಮಂಥ ಸಂಬಳದವರು ಯಾವ ಪುರುಷಾರ್ಥಕ್ಕೆ ಅಷ್ಟು ದುಡ್ಡು ಸುರಿಯಬೇಕು? ನಾಳೆ ಕಂಪನಿ ಬೇಡವೆಂದರೆ ಎಲ್ಲರೂ ಹೋಗುವುದು ಕೆಂಪೇಗೌಡ ವಿಮಾನ ನಿಲ್ದಾಣಕ್ಕೇ ತಾನೇ? ಆಗ ಬಸವೇಶ್ವರನಗರದಲ್ಲಿ ಆ ಫ್ರೆಂಚ್ ಯಾರ ಹತ್ತಿರ ಮಾತನಾಡುತ್ತಾನೆ? ಸಿಬಿಎಸ್‌ಇ ಆದರೆ ಟಿಸಿ ಹಿಡಿದುಕೊಂಡು ಎಲ್ಲಿ ಬೇಕಾದರೂ ಹೋಗಬಹುದು.

ಶಾರ್ಜಾ ಅಪ್ಪ

ಗೌಡರ ಮಾತನ್ನು ತಳ್ಳಿಹಾಕುವಂತಿಲ್ಲ. ನಾವು ಮಗಳನ್ನು ಫ್ರೆಂಚ್ ಶಾಲೆಯಿಂದ ಬಿಡಿಸಿ ಮೂರನೇ ತರಗತಿಗೆ ಸಿಬಿಎಸ್‌ಇಗೆ ಸೇರಿಸಿದವರು. ಆದರೆ ತಾಯಿಯವರೇ, ಒಂದು ತಾಪತ್ರಯ ಈಗಲೇ ತಿಳಿದಿರಲಿ. ಇಲ್ಲಿನ ಭಾರತೀಯ ಶಾಲೆಗಳ ವರ್ಷ ಏಪ್ರಿಲ್‌ಗೆ ಶುರುವಾಗುತ್ತದೆ. ನೀವು ಆಗಸ್ಟ್ ಕೊನೆಗೆ ಬಂದು ಬಾಗಿಲು ತಟ್ಟುವ ಹೊತ್ತಿಗೆ ಮೂರನೇ ತರಗತಿಯ ಮೊದಲ ಅವಧಿಯ ಪಾಠವೆಲ್ಲ ಮುಗಿದಿರುತ್ತದೆ. ಇಂಗ್ಲಿಷ್ ಓದಲು ಬಾರದ ಮಗು, ನಡುವರ್ಷದಲ್ಲಿ, ಮೂವತ್ತು ಮಕ್ಕಳ ಮಧ್ಯೆ. ಕೆಲವು ಶಾಲೆಗಳು ಒಂದು ವರ್ಷ ಹಿಂದಕ್ಕೆ ಹಾಕುತ್ತೇವೆ ಎನ್ನುತ್ತವೆ.

ನಮ್ಮ ಮಗಳಿಗೆ ಗಣಿತ ಬರುತ್ತಿತ್ತು, ಆದರೂ ಲೆಕ್ಕ ತಪ್ಪುತ್ತಿತ್ತು. ಫ್ರೆಂಚ್ ಶಾಲೆಯಲ್ಲಿ ಭಾಗಾಕಾರ ಬರೆಯುವಾಗ ಭಾಜಕವನ್ನು ಬಲಗಡೆ ಬರೆದು ಅದರ ಕೆಳಗೆ ಉತ್ತರ ಬರೆಯುತ್ತಾರೆ. ದಶಮಾಂಶಕ್ಕೆ ಬಿಂದುವಿಲ್ಲ, ಅಲ್ಪವಿರಾಮ. ಒಂದು ಎಂಬ ಅಂಕೆಗೆ ನೆತ್ತಿಯಿಂದ ಉದ್ದದ ಬಾಲ ಎಳೆಯುತ್ತಾರೆ. ಹೊಸ ಮೇಷ್ಟ್ರು ಅದನ್ನು ಏಳು ಎಂದು ಓದಿ ಉತ್ತರಕ್ಕೆ ಅಡ್ಡಗೆರೆ ಎಳೆದು ಕಳುಹಿಸುತ್ತಿದ್ದರು. ಅವಳು ಏಳಕ್ಕೆ ನಡುವೆ ಅಡ್ಡಗೆರೆ ಹಾಕುವುದನ್ನು ಇವತ್ತಿಗೂ ಬಿಟ್ಟಿಲ್ಲ. ಇಂಗ್ಲಿಷ್ ಕೈಗೆ ಹತ್ತಲು ಹತ್ತಿರ ಹತ್ತಿರ ಎರಡು ವರ್ಷ ಟ್ಯೂಷನ್ ಬೇಕಾಯಿತು. ಈಗ ಚೆನ್ನಾಗಿದ್ದಾಳೆ. ಫ್ರೆಂಚ್ ಮಾತ್ರ ಕರಗಿಹೋಗಿದೆ, ಹಾಡು ಹೇಳುತ್ತಾಳೆ, ವಾಕ್ಯ ಕಟ್ಟಲು ಬರುವುದಿಲ್ಲ.

ತುಲೂಸಿನ ತಾಯಿ

ಶಾರ್ಜಾದ ಸರ್, ಬಾಲದ ಒಂದು ಎಂದರೆ ನಮ್ಮ ಮನೆಯ ಗೋಡೆ ತುಂಬ ಅದೇ! ಇಲ್ಲಿ ಕೂಡಿಸಿ ಬರೆಯುವ ಅಕ್ಷರಕ್ಕೆ ಎಷ್ಟು ಮಹತ್ವ ಕೊಡುತ್ತಾರೆಂದರೆ, ಗೆರೆಗಳ ನಡುವೆ ಗೆರೆಗಳಿರುವ ಆ ವಿಚಿತ್ರ ನೋಟುಪುಸ್ತಕದಲ್ಲಿ ಟಿ ಎಷ್ಟು ಗೆರೆ ಮೇಲೇರಬೇಕು, ಎಲ್ ಎಷ್ಟು ಏರಬೇಕು ಎಂದೆಲ್ಲ ನಿಯಮ. ಸಂಜೆ ಯಜಮಾನರು ದಿಕ್ತೆ ಹೇಳಿ ಬರೆಸಲು ಕೂತರೆ, ಮಗ ಪೆನ್ನು ಕೆಳಗಿಟ್ಟು ಅಪ್ಪನ ಉಚ್ಚಾರಣೆಯನ್ನೇ ತಿದ್ದುತ್ತಾನೆ.

ವಿದ್ಯಾರ್ಥಿವೇತನದ ಬಗ್ಗೆ ಯಾರೂ ಹೇಳಲಿಲ್ಲ.

ಔದ್ ಮೇಥಾ ಅಕ್ಕ

ಕಾನ್ಸುಲೇಟ್ ಮೂಲಕ ಬರುವ ಸಹಾಯಧನ ಫ್ರೆಂಚ್ ಪೌರತ್ವ ಇರುವ ಮಕ್ಕಳಿಗೆ ಮಾತ್ರ, ಅದಕ್ಕೂ ಮನೆಯ ಆದಾಯ ನೋಡುತ್ತಾರೆ. ಫ್ರಾನ್ಸಿನಲ್ಲಿ ಹುಟ್ಟಿದ ಮಾತ್ರಕ್ಕೆ ಪೌರತ್ವ ಬರುವುದಿಲ್ಲ ತಂಗಿ. ತಂದೆ ತಾಯಿ ಇಬ್ಬರೂ ವಿದೇಶಿಯರಾದರೆ, ಮಗು ಎಂಟನೇ ವಯಸ್ಸಿನಿಂದ ಅಲ್ಲೇ ವಾಸವಿದ್ದರೆ ಹದಿಮೂರಕ್ಕೆ ತಂದೆ ತಾಯಿ ಘೋಷಣೆ ಸಲ್ಲಿಸಬಹುದು. ಹನ್ನೊಂದರ ನಂತರ ಒಟ್ಟು ಐದು ವರ್ಷ ಅಲ್ಲಿ ವಾಸವಿದ್ದವರಿಗೆ ಹದಿನೆಂಟಕ್ಕೆ ತಾನಾಗಿ ಬರುತ್ತದೆ. ನೀವು ಈಗ ಹೊರಟರೆ ಆ ಲೆಕ್ಕ ಶುರುವಾಗುವ ಮೊದಲೇ ನಿಲ್ಲುತ್ತದೆ. ಇದನ್ನು ಯಜಮಾನರಿಗೂ ಹೇಳಿ, ಹತ್ತಾರು ಜನ ಇದೇ ಭ್ರಮೆಯಲ್ಲಿ ಶುಲ್ಕದ ಯೋಜನೆ ಹಾಕಿಕೊಳ್ಳುತ್ತಾರೆ.

ನಿಮಗೆ ಉಳಿದಿರುವುದು ಒಂದೇ ದಾರಿ. ವರ್ಗದ ಪತ್ರಕ್ಕೆ ಸಹಿ ಹಾಕುವ ಮುನ್ನವೇ ಶಾಲಾ ಶುಲ್ಕವನ್ನು ಕಂಪನಿ ಭರಿಸುವಂತೆ ಬರೆಸಿಕೊಳ್ಳಿ. ಬಾಯಿಮಾತಿನಲ್ಲಿ ಬೇಡ. ಭತ್ಯೆ ವರ್ಷಕ್ಕಿಷ್ಟು ಎಂದು ನಿಗದಿಯಾಗಿದ್ದರೆ ಅದು ಕೊಲೆಜ್, ಅಂದರೆ ಆರರಿಂದ ಒಂಬತ್ತರವರೆಗಿನ ತರಗತಿಗಳ ಶುಲ್ಕಕ್ಕೂ ಸಾಕಾಗುತ್ತದೆಯೇ ನೋಡಿ, ಮೇಲೆ ಹೋದಂತೆ ಶುಲ್ಕವೂ ಏರುತ್ತದೆ.

ಮರೀನಾ ವಾಸಿ

ನಾನು ಸುಮ್ಮನೆ ಓದಿಕೊಂಡು ಹೋಗುವವನು, ಆದರೆ ಶುಲ್ಕದ ವಿಷಯ ಬಂದದ್ದರಿಂದ ಬರೆಯುತ್ತಿದ್ದೇನೆ. ನಮ್ಮ ಮಗುವಿನ ಶಾಲೆಯ ಹೆಸರು ಬೇಡ. ಬೋಧನಾ ಶುಲ್ಕದಲ್ಲಿ ಒಂದು ಪೈಸೆ ವ್ಯತ್ಯಾಸವಿಲ್ಲ, ನಿಜ. ಆದರೆ ಊಟ, ಪ್ರವಾಸ, ಈಜು, ಸಂಜೆ ಕ್ಲಬ್ಬು, ಹೀಗೆ ತಿಂಗಳಿಗೊಂದು ಚೀಟಿ ಬರುತ್ತದೆ. ಪ್ರವಾಸ ಐಚ್ಛಿಕ ಎಂದು ಬರೆದಿರುತ್ತಾರೆ, ತರಗತಿಯವರೆಲ್ಲ ಹೊರಟಾಗ ನಿಮ್ಮ ಮಗುವನ್ನು ಮನೆಯಲ್ಲಿ ಕೂರಿಸುತ್ತೀರಾ? ಶಾಲೆಗೆ ಕೇಳಿದರೆ ಲೆಕ್ಕಪತ್ರ ವಿಭಾಗಕ್ಕೆ ಬರೆಯಿರಿ ಎಂದರು. ಬರೆದರೆ, ಪೋಷಕರ ಸಂಘಕ್ಕೆ ಕೇಳಿ ಎಂದರು. ಪೋಷಕರ ಸಂಘದ ಅಧ್ಯಕ್ಷರು ನನಗಿಂತ ಹೆಚ್ಚು ಬೇಸತ್ತಿದ್ದರು.

ಮತ್ತೆ ದೂರ. ದೊಡ್ಡ ತರಗತಿಗಳ ಫ್ರೆಂಚ್ ಶಾಲೆಗಳಲ್ಲಿ ಒಂದು ಅಕಾಡೆಮಿಕ್ ಸಿಟಿಯಲ್ಲಿದೆ. ಮರೀನಾದಿಂದ ಬೆಳಿಗ್ಗೆ ಬಸ್ಸು ಹತ್ತುವ ಮಕ್ಕಳ ಮುಖ ನೋಡಿ ಆಮೇಲೆ ಮನೆ ಹುಡುಕಿ.

ಬಸವನಗುಡಿ ಟೀಚರ್

ನಾನು ಬೆಂಗಳೂರಿನಲ್ಲಿ ಮಕ್ಕಳಿಗೆ ಫ್ರೆಂಚ್ ಹೇಳಿಕೊಡುತ್ತೇನೆ. ಹಿಂದಿರುಗಿ ಬಂದ ಮಕ್ಕಳು ನನ್ನಲ್ಲಿಗೆ ಬರುತ್ತಿರುತ್ತಾರೆ. ಗೌಡರು ಎತ್ತಿದ ಪ್ರಶ್ನೆಗೆ ಇನ್ನೊಂದು ಮುಖ ಇದೆ.

ಸಿಬಿಎಸ್‌ಇಗೆ ಹಾಕಿದರೆ ಊರಿನ ದಾರಿ ಸಲೀಸು ಎಂಬುದು ಅರ್ಧ ನಿಜ. ನಮ್ಮ ಸಿಇಟಿಯ ಮುಖ್ಯ ನಿಯಮ ಒಂದರಿಂದ ಹನ್ನೆರಡನೇ ತರಗತಿಯೊಳಗೆ ಕನಿಷ್ಠ ಏಳು ವರ್ಷ ಕರ್ನಾಟಕದಲ್ಲೇ ಓದಿರಬೇಕು, ಹತ್ತು ಅಥವಾ ಹನ್ನೆರಡನ್ನು ಇಲ್ಲೇ ಪಾಸು ಮಾಡಿರಬೇಕು ಎನ್ನುತ್ತದೆ. ದುಬೈನ ಸಿಬಿಎಸ್‌ಇ ಶಾಲೆಯ ಏಳು ವರ್ಷವೂ ಆ ಲೆಕ್ಕಕ್ಕೆ ಬರುವುದಿಲ್ಲ, ಫ್ರೆಂಚ್ ಶಾಲೆಯದೂ ಬರುವುದಿಲ್ಲ. ಕರ್ನಾಟಕ ಮೂಲದ ಪೋಷಕರಿಗೆ ಬೇರೆ ಉಪನಿಯಮಗಳಿವೆ, ಅವನ್ನು ಸಿಇಟಿ ನಡೆಸುವ ಕೆಇಎ ಪ್ರಾಧಿಕಾರದ ಕೈಪಿಡಿಯಲ್ಲಿ ಓದಿ. ಪಠ್ಯಕ್ರಮಕ್ಕಿಂತ ಮುಖ್ಯವಾದ ಪ್ರಶ್ನೆ ಮಗು ಯಾವ ವಯಸ್ಸಿಗೆ ಊರಿಗೆ ಮರಳುತ್ತದೆ ಎಂಬುದು.

ನಾನು ಕಂಡಂತೆ ಹತ್ತು ಹನ್ನೊಂದು ವರ್ಷದೊಳಗೆ ಬಂದ ಮಕ್ಕಳು ಹೇಗೋ ಹೊಂದಿಕೊಳ್ಳುತ್ತಾರೆ. ಎಂಟನೇ ತರಗತಿಯ ನಂತರ ಫ್ರೆಂಚ್ ಕ್ರಮದಿಂದ ಎತ್ತಿ ಇಲ್ಲಿಗೆ ತಂದರೆ ಮಗುವಿಗೆ ಶಿಕ್ಷೆ. ಅಲ್ಲಿ ಕೊಲೆಜ್ ನಾಲ್ಕು ವರ್ಷ, ಕೊನೆಯಲ್ಲಿ ಬ್ರೆವೆ ಪರೀಕ್ಷೆ. ಅದಾದ ಮೇಲೆ ಲಿಸೆ ಎಂದೇ ಕರೆಯುವ ಕೊನೆಯ ಹಂತ ಮೂರು ವರ್ಷ, ಅದರ ಕೊನೆಯಲ್ಲಿ ನಮ್ಮ ಹನ್ನೆರಡನೇ ತರಗತಿಯಂಥ ಬಾಕ್ ಪರೀಕ್ಷೆ. ಕೊಲೆಜ್ ಒಳಹೊಕ್ಕ ಮೇಲೆ ಬಾಕ್ ಮುಗಿಸಿಯೇ ಹೊರಬರುವುದು ಒಳ್ಳೆಯದು. ನಡುವೆ ಭಾರತಕ್ಕೆ ಬರಲೇಬೇಕಾದರೆ ದೆಹಲಿ, ಮುಂಬೈ, ಪುದುಚೇರಿಗಳಲ್ಲಿ ಫ್ರೆಂಚ್ ಶಾಲೆಗಳಿವೆ. ಪುದುಚೇರಿಯದು 1826ರಷ್ಟು ಹಳೆಯದು, ಬೆಂಗಳೂರಿನಿಂದ ಸುಮಾರು 300 ಕಿ.ಮೀ. ಅಜ್ಜಿ ಮನೆಯಿಂದ ಓಡಾಡುವ ದೂರವಂತೂ ಅಲ್ಲ.

ಬಾಕ್ ಮುಗಿಸಿದವರಿಗೆ ಇಲ್ಲಿ ಬಾಗಿಲು ಮುಚ್ಚುವುದಿಲ್ಲ. ಭಾರತೀಯ ವಿಶ್ವವಿದ್ಯಾಲಯಗಳ ಸಂಘದ ಸಮಾನತಾ ಪತ್ರ ಮಾಡಿಸಬೇಕು. 2018ರಲ್ಲಿ ಎರಡೂ ದೇಶಗಳು ವಿದ್ಯಾರ್ಹತೆಗಳ ಪರಸ್ಪರ ಮಾನ್ಯತೆಗೆ ಒಪ್ಪಂದ ಮಾಡಿಕೊಂಡಿವೆ. ಎಚ್ಚರ ಬೇಕಾದದ್ದು ವಿಷಯಗಳ ಆಯ್ಕೆಯಲ್ಲಿ. ಪ್ರೆಮಿಯೆರ್ ಎಂಬ ಹನ್ನೊಂದನೇ ತರಗತಿಯಲ್ಲಿ ಮೂರು ವಿಶೇಷ ವಿಷಯ, ತೆರ್ಮಿನಾಲ್ ಎಂಬ ಹನ್ನೆರಡನೆಯದರಲ್ಲಿ ಅವುಗಳಲ್ಲಿ ಒಂದನ್ನು ಕೈಬಿಡಬೇಕು. ನೀಟ್ ಬರೆಯುವ ಆಸೆಯಿದ್ದರೆ ಭೌತ-ರಸಾಯನವನ್ನೂ ಜೀವ-ಭೂವಿಜ್ಞಾನವನ್ನೂ ಉಳಿಸಿಕೊಂಡು ಗಣಿತ ಬಿಡಬೇಕು. ಎಂಜಿನಿಯರಿಂಗ್ ಎಂದರೆ ಗಣಿತ ಮತ್ತು ಭೌತ-ರಸಾಯನ. ನಮ್ಮ ಪಿಸಿಎಂಬಿಯ ಹಾಗೆ ಎರಡು ದೋಣಿಯಲ್ಲೂ ಕಾಲಿಡಲು ಅಲ್ಲಿ ಆಗುವುದಿಲ್ಲ.

ಕರಾಮದ ಗೌಡರು

ಟೀಚರಮ್ಮ, ಸಿಇಟಿಯ ವಿಷಯ ನೀವು ಹೇಳಿದ್ದು ಸರಿ, ನಮ್ಮ ಅಣ್ಣನ ಮಗನಿಗೂ ಅದೇ ತೊಡಕಾಗಿತ್ತು. ಆದರೂ ದುಡ್ಡಿನ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ ನೋಡಿ. ಕಂಪನಿ ಕೊಟ್ಟರೆ ಲಿಸೆ, ಕೊಡದಿದ್ದರೆ ಸಿಬಿಎಸ್‌ಇ, ಇಷ್ಟೇ ಅಲ್ಲವೇ ಕಥೆ?

ಬಸವನಗುಡಿ ಟೀಚರ್

ಬಹುಮಟ್ಟಿಗೆ ಅಷ್ಟೇ ಗೌಡರೇ.

ಗ್ರೆನೋಬಲ್ ಹುಡುಗಿ

ಆಂಟಿ, ನಾನು ದುಬೈನ ಫ್ರೆಂಚ್ ಲಿಸೆಯಲ್ಲಿ ಬಾಕ್ ಮುಗಿಸಿ ಈಗ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಓದುತ್ತಿದ್ದೇನೆ. ನನ್ನ ಕಥೆ ನಿಮ್ಮ ಮಗನದಕ್ಕೆ ತಿರುಗುಮುರುಗು. ಮಂಗಳೂರಿನಿಂದ ಇಂಗ್ಲಿಷ್ ಮಾತ್ರ ಬರುತ್ತಿದ್ದ ನಾನು ಪರೀಕ್ಷೆ ಬರೆದು ಸಿಎಂ2ಗೆ, ಅಂದರೆ ಐದನೇ ತರಗತಿಗೆ ಸೇರಿದೆ. ಫ್ರೆಂಚ್ ಬಾರದವರಿಗೆ ಪ್ರತ್ಯೇಕ ಪಾಠ ಇರುತ್ತಿತ್ತು. ಮೊದಲ ತಿಂಗಳುಗಳಲ್ಲಿ ನಾನು ಮಾತನಾಡುತ್ತಿದ್ದದ್ದು ಗಣಿತದ ಪೀರಿಯಡ್‌ನಲ್ಲಿ ಮಾತ್ರ.

ಶಾಲೆಯ ದಿನಚರಿ ಹೇಗಿರುತ್ತದೆ ಎಂದರೆ, ಅಂಕವೆಲ್ಲ ಇಪ್ಪತ್ತಕ್ಕೆ. ನಮ್ಮ ಅಮ್ಮ ಮೊದಲ ಸಲ 13 ನೋಡಿ ಅತ್ತೇಬಿಟ್ಟಿದ್ದರು. ಬಾಕ್‌ನಲ್ಲಿ 12 ಬಂದರೆ ಅಸೆ ಬಿಯಾನ್, 14ಕ್ಕೆ ಬಿಯಾನ್, 16ಕ್ಕೆ ತ್ರೆ ಬಿಯಾನ್ ಎಂಬ ಶ್ರೇಣಿ ಎಂದು ಅವರನ್ನು ನಂಬಿಸುವುದಕ್ಕೆ ತರಗತಿಯ ಅಧ್ಯಾಪಕರೇ ಬರಬೇಕಾಯಿತು. ಪ್ರಬಂಧಕ್ಕೆ ಇಪ್ಪತ್ತಕ್ಕೆ ಇಪ್ಪತ್ತು ಕೊಡುವ ಅಭ್ಯಾಸವೇ ಅವರಿಗಿಲ್ಲ. ಅಂಕ, ಹೋಂವರ್ಕ್, ಗೈರುಹಾಜರಿ ಎಲ್ಲ ಪ್ರೊನೋಟ್ ಎಂಬ ಆ್ಯಪ್‌ನಲ್ಲಿ ಬೀಳುತ್ತದೆ. ನಾನು ಬಸ್ಸಿನಿಂದ ಇಳಿಯುವ ಮೊದಲೇ ಅಪ್ಪನಿಗೆ ಗೊತ್ತಾಗಿರುತ್ತಿತ್ತು.

ಮೂರು ತಿಂಗಳಿಗೊಮ್ಮೆ ತರಗತಿ ಸಭೆ. ಅಧ್ಯಾಪಕರೆಲ್ಲ ಕೂತು ಒಬ್ಬೊಬ್ಬರ ವಿಷಯ ಮಾತನಾಡುತ್ತಾರೆ, ಅದರಲ್ಲಿ ವಿದ್ಯಾರ್ಥಿಗಳೇ ಚುನಾಯಿಸಿದ ಇಬ್ಬರು ಪ್ರತಿನಿಧಿಗಳೂ ಪೋಷಕರ ಪ್ರತಿನಿಧಿಗಳೂ ಇರುತ್ತಾರೆ. ನಾನೊಂದು ವರ್ಷ ಪ್ರತಿನಿಧಿಯಾಗಿದ್ದೆ. ಗೆಳತಿಯ ಪರವಾಗಿ ಹತ್ತು ಜನ ಮೇಷ್ಟ್ರುಗಳ ಎದುರು ಮಾತನಾಡುವುದು ಊರಿನ ಯಾವ ಶಾಲೆಯಲ್ಲೂ ನನಗೆ ಸಿಗುತ್ತಿರಲಿಲ್ಲ. ಮೇಷ್ಟ್ರು ರಜೆ ಹಾಕಿದರೆ ಪಾಠವಿಲ್ಲ, ಮೇಲ್ವಿಚಾರಕರ ಕಣ್ಣೆದುರು ಒಂದು ಕೋಣೆಯಲ್ಲಿ ಕೂತು ಓದಬೇಕು. ಓದುತ್ತಿದ್ದವರು ಯಾರು ಎಂಬುದು ಬೇರೆ ವಿಷಯ.

ಅರಬ್ಬಿ ಕಲಿಯಲೇಬೇಕು, ಅದು ಎಮಿರೇಟ್ಸ್‌ನ ನಿಯಮ, ಸಿಬಿಎಸ್‌ಇ ಮಕ್ಕಳಿಗೂ ಇದೆ. ನನ್ನ ತರಗತಿಯಲ್ಲಿ ಲೆಬನಾನ್, ಮೊರಾಕೊ, ಟ್ಯುನೀಶಿಯಾದವರೇ ಹೆಚ್ಚು. ಭಾರತದವಳು ನಾನೊಬ್ಬಳೇ. ದೀಪಾವಳಿಗೆ ರಜೆ ಇಲ್ಲ. ಡಬ್ಬಿಯಲ್ಲಿ ಪುಳಿಯೋಗರೆ ಕಂಡರೆ ಲೆಬನಾನ್ ಹುಡುಗಿಯರು ಕೈ ಹಾಕುತ್ತಿದ್ದರು, ನನಗೆ ಅವರ ಝಾತರ್ ರೊಟ್ಟಿ. ಸಸ್ಯಾಹಾರಿಯಾದರೆ ಶಾಲೆಯ ಊಟಕ್ಕೆ ಕಟ್ಟುವ ಮುನ್ನ ಒಂದು ವಾರದ ಪಟ್ಟಿ ಕೇಳಿ. ಮಾಂಸ ಇಲ್ಲ ಎಂದರೆ ಮೀನು ಬಡಿಸುವವರಿದ್ದಾರೆ.

ಕೊನೆಯ ವರ್ಷ ಕಷ್ಟ. ತತ್ತ್ವಶಾಸ್ತ್ರಕ್ಕೆ ನಾಲ್ಕು ಗಂಟೆಯ ಪರೀಕ್ಷೆ, ಒಂದೇ ಪ್ರಶ್ನೆಗೆ ಪುಟಗಟ್ಟಲೆ ಬರೆಯಬೇಕು. ಆಮೇಲೆ ಗ್ರಾಂಡ್ ಓರಲ್, ಪರೀಕ್ಷಕರ ಎದುರು ನಿಂತು ಹತ್ತು ನಿಮಿಷ ಮಾತನಾಡಿ, ಇನ್ನೊಂದು ಹತ್ತು ನಿಮಿಷ ಅವರ ಪ್ರಶ್ನೆಗೆ ಉತ್ತರಿಸಬೇಕು. ಒಟ್ಟು ಅಂಕದಲ್ಲಿ ಶೇ. 40 ಎರಡು ವರ್ಷದ ತರಗತಿ ಅಂಕಗಳಿಂದ ಬರುತ್ತದೆ, ಹಾಗಾಗಿ ಕೊನೆಯಲ್ಲಿ ಉರು ಹೊಡೆದರೆ ಆಯಿತು ಎನ್ನುವಂತಿಲ್ಲ.

ಶುಲ್ಕದ ಬಗ್ಗೆ ಚಿಂತಿಸುವವರಿಗೆ ಒಂದು ಮಾಹಿತಿ: ಫ್ರೆಂಚ್ ಪೌರತ್ವ ಇಲ್ಲದ, ಬಾಕ್‌ನಲ್ಲಿ ಬಹಳ ಮುಂದಿರುವ ಮಕ್ಕಳಿಗೆಂದೇ ಎಕ್ಸಲಾನ್ಸ್-ಮಾಜೊರ್ ಎಂಬ ವಿದ್ಯಾರ್ಥಿವೇತನವಿದೆ, ಫ್ರಾನ್ಸಿನಲ್ಲಿ ಐದು ವರ್ಷದವರೆಗೆ ಓದಲು. ನನಗೆ ಸಿಗಲಿಲ್ಲ. ನನಗಿಂತ ಒಂದು ವರ್ಷ ಮುಂದಿದ್ದವನಿಗೆ ಸಿಕ್ಕಿತು.

ಅಬಿಜಾನ್ ಕನ್ನಡಿಗ

ನಾವು ಗೋಡಂಬಿ ವ್ಯಾಪಾರದವರು, ಊರೂರು ಸುತ್ತುವ ಜನ. ಐವರಿ ಕೋಸ್ಟ್‌ನ ಅಬಿಜಾನ್‌ನಿಂದ ಸೆನೆಗಲ್‌ನ ದಕಾರ್‌ಗೆ ಬಂದಾಗ ಜನವರಿ ತಿಂಗಳು. ಮಗಳು ಶುಕ್ರವಾರ ಅಲ್ಲಿನ ಫ್ರೆಂಚ್ ಶಾಲೆಯಲ್ಲಿ ಬಿಟ್ಟ ಪಾಠವನ್ನು ಇಲ್ಲಿನ ಫ್ರೆಂಚ್ ಶಾಲೆಯಲ್ಲಿ ಅದೇ ಪುಟದಿಂದಲ್ಲದಿದ್ದರೂ ಅದೇ ಅಧ್ಯಾಯದಿಂದ ಮುಂದುವರಿಸಿದಳು. ಮುಂದೆ ಇನ್ನೂ ದೇಶ ಬದಲಾಯಿಸುವ ಕೆಲಸವಾದರೆ ಫ್ರೆಂಚ್ ಶಾಲೆಗೆ ಸರಿಸಾಟಿ ಇಲ್ಲ. ದುಬೈನಲ್ಲೇ ನೆಲೆ ನಿಲ್ಲುವವರಾದರೆ ಈ ಲಾಭ ನಿಮಗೆ ಬೇಕಾಗಿಯೇ ಇಲ್ಲ.

ತುಲೂಸಿನ ತಾಯಿ

ಎಲ್ಲರಿಗೂ ಧನ್ಯವಾದ. ರಾತ್ರಿ ಯಜಮಾನರ ಜೊತೆ ಕೂತು ಎಲ್ಲವನ್ನೂ ಓದಿದೆವು. ಕಂಪನಿ ಭತ್ಯೆ ಕೊಡುತ್ತದೆ, ಆದರೆ ಮೂರು ವರ್ಷಕ್ಕೆ ಮಾತ್ರ. ಮೂರು ವರ್ಷ ಎಂದರೆ ಸಿಇ2, ಸಿಎಂ1, ಸಿಎಂ2, ಪ್ರೈಮರಿ ಮುಗಿದು ಹನ್ನೊಂದಕ್ಕೆ ಕಾಲಿಡುತ್ತಾನೆ. ಟೀಚರ್ ಹೇಳಿದ ವಯಸ್ಸಿಗೆ ಸರಿಯಾಗಿ ಅಲ್ಲೇ ಒಂದು ತಿರುವು ಬರುತ್ತದೆ. ಅಲ್ಲಿಯವರೆಗೆ ಲಿಸೆಯಲ್ಲೇ ಇರಲಿ, ಇಂಗ್ಲಿಷ್ ಓದು ಬರಹವನ್ನು ಮನೆಯಲ್ಲಿ ಈಗಿನಿಂದಲೇ ಶುರುಮಾಡೋಣ ಎಂದುಕೊಂಡಿದ್ದೇವೆ. ಎರಡು ಶಾಲೆಗಳಿಗೆ ಅರ್ಜಿ ಹಾಕಿದೆ.

ಕನ್ನಡ ಬರೆಯುವುದನ್ನು ಕಲಿಸಲು ಅಲ್ಲಿ ಏನಾದರೂ ವ್ಯವಸ್ಥೆ ಇದೆಯೇ? ಮಾತು ಬರುತ್ತದೆ, ಅಕ್ಷರ ಬಾರದು.

ಕರಾಮದ ಗೌಡರು

ಇದೆ ತಾಯಿ. ದುಬೈನಲ್ಲಿ ನಮ್ಮ ಕನ್ನಡಿಗರೇ ಸೇರಿ ಕನ್ನಡ ಪಾಠಶಾಲೆ ನಡೆಸುತ್ತಾರೆ, ವಾರದ ರಜೆಯಲ್ಲಿ, ಶುಲ್ಕವಿಲ್ಲ. ನನ್ನ ಮಗನೂ ಅಲ್ಲೇ ಅ ಆ ಇ ಈ ತಿದ್ದಿದ್ದು. ಹೊಸ ತರಗತಿ ಯಾವಾಗ ಶುರುವಾಗುತ್ತದೆ ಎಂದು ಕೇಳಿ ಹೇಳುತ್ತೇನೆ. ದುಬೈಗೆ ಬಂದಿಳಿದ ಮೇಲೆ ಇಲ್ಲೇ ಒಂದು ಸಂದೇಶ ಹಾಕಿ, ಮೊದಲ ದಿನ ನಾನೇ ಕರೆದುಕೊಂಡು ಹೋಗುತ್ತೇನೆ. ಔದ್ ಮೇಥಾ ಅಕ್ಕ, ನಿಮ್ಮ ಮಕ್ಕಳನ್ನೂ ಕಳುಹಿಸಿ, ಇಷ್ಟು ವರ್ಷವಾದರೂ ಒಮ್ಮೆಯೂ ಆ ಕಡೆ ಕಂಡಿಲ್ಲ.

ಔದ್ ಮೇಥಾ ಅಕ್ಕ

ಬರುತ್ತೇವೆ ಗೌಡರೇ. ಮೊದಲು ಶಾಲೆಯವರು ಶನಿವಾರದ ಫುಟ್ಬಾಲ್ ನಿಲ್ಲಿಸಲಿ.